ಆಯ್ಕೆ ಅನ್ನೋ ಬಿಟ್ಟಿ ಚಾಕರಿ

ಹೋದ ನವೆಂಬರಿನ ಒಂದು ರಾತ್ರಿ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಅಮೆರಿಕದ ಅಂಚೆ ಇಲಾಖೆಯಲ್ಲಿ ವರ್ಷಗಟ್ಟಲೆಯಿಂದ ಟಪಾಲು ಹಂಚುವ ಮನುಷ್ಯ. ವಯಸ್ಸು ಐವತ್ತೆಂಟು. ಇನ್ನೂ ಯೂನಿಫಾರ್ಮ್ ಬಿಚ್ಚಿರಲಿಲ್ಲ, ಕಂಕುಳಲ್ಲಿ ಲ್ಯಾಪ್‌ಟಾಪ್. "ನೀನು ಸಾಫ್ಟ್‌ವೇರಿನವನಲ್ವಾ, ಇದರಲ್ಲಿ ಯಾವುದು ತಗೋಬೇಕು ಹೇಳು" ಅಂದರು. ತೆರೆದು ನೋಡಿದರೆ ಹೆಲ್ತ್ ಇನ್ಶೂರೆನ್ಸ್ ಪ್ಲಾನುಗಳ ಪಟ್ಟಿ. ಕೆಳಗೆ ಎಳೆದಷ್ಟೂ ಬರ್ತಾನೇ ಇದೆ.

ನಾನು ಬಿ.ಇ. ಮಾಡಿದವನು, ದಿನಾ ಹೊಟ್ಟೆಪಾಡಿಗೆ ಲೆಕ್ಕದ ಜೊತೆಗೇ ಗುದ್ದಾಡೋನು. ಅರ್ಧ ಗಂಟೆಯಲ್ಲಿ ಮುಗಿಸ್ತೀನಿ ಅಂತ ಕೂತೆ. ಎರಡು ರಾತ್ರಿ ಹಿಡಿಯಿತು. ಮುಗಿದ ಮೇಲೂ ನಾನು ಆರಿಸಿದ್ದೇ ಸರಿ ಅಂತ ಎದೆ ತಟ್ಟಿ ಹೇಳುವ ಧೈರ್ಯ ಬರಲಿಲ್ಲ. ಆ ಎರಡು ರಾತ್ರಿಯ ಸಿಟ್ಟೇ ಈ ಬರಹ.

ವ್ಯವಸ್ಥೆ ಏನು ಅಂತ ಮೊದಲು ಹೇಳಿಬಿಡ್ತೀನಿ. ಅಮೆರಿಕದ ಕೇಂದ್ರ ಸರ್ಕಾರದ ನೌಕರರಿಗೆ 1960ರಿಂದ ಒಂದು ಆರೋಗ್ಯ ವಿಮೆ ಯೋಜನೆ ಇದೆ. ಸರ್ಕಾರವೇ ವಿಮೆ ಮಾಡೋದಿಲ್ಲ. ಬೇರೆ ಬೇರೆ ಕಂಪನಿಗಳು, ಕಾರ್ಮಿಕ ಸಂಘಗಳು ಪ್ಲಾನು ಮುಂದಿಡುತ್ತವೆ, ನೌಕರ ಒಂದನ್ನು ಆರಿಸಿಕೊಳ್ಳಬೇಕು. ಅಂಚೆಯವರೂ ಅದರಲ್ಲೇ ಇದ್ದರು. 2022ರಲ್ಲಿ ಬಂದ ಕಾನೂನು ಅವರಿಗೇ ಪ್ರತ್ಯೇಕ ವಿಭಾಗ ಮಾಡಿತು, ಅದು 2025ರ ಜನವರಿ 1ರಿಂದ ಜಾರಿಗೆ ಬಂತು. ನೌಕರರು, ನಿವೃತ್ತರು, ಮನೆಯವರು ಎಲ್ಲ ಸೇರಿ ಸುಮಾರು 19 ಲಕ್ಷ ಜನರಿಗೆ ಸಂಬಂಧಿಸಿದ್ದು ಇದು. ಪ್ಲಾನು ಬದಲಿಸಬೇಕೆಂದರೆ ವರ್ಷಕ್ಕೊಮ್ಮೆ, ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ನಾಲ್ಕು ವಾರದಷ್ಟು ಅವಕಾಶ. ಅದಕ್ಕೆ 'ಓಪನ್ ಸೀಸನ್' ಅಂತ ಹೆಸರು. ಅದು ತಪ್ಪಿದರೆ, ಮದುವೆಯೋ ಮಗುವೋ ಆಗದ ಹೊರತು, ಮುಂದಿನ ನವೆಂಬರಿನ ತನಕ ಹಿಡಿದದ್ದೇ ಗತಿ.

ಈಗ ನೀವೇ ಹೇಳಿ, ಅಮೆರಿಕದಲ್ಲಿ ಟಪಾಲು ಹಂಚುವವನಿಗೆ ವರ್ಷದಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ ಯಾವುದು? ಕ್ರಿಸ್‌ಮಸ್ ಪಾರ್ಸೆಲ್ಲುಗಳ ಕಾಲ. ನವೆಂಬರ್, ಡಿಸೆಂಬರ್. ಕತ್ತಲಾದ ಮೇಲೂ ಹಣೆಗೆ ಟಾರ್ಚ್ ಕಟ್ಟಿಕೊಂಡು ಮನೆ ಮನೆಗೆ ಡಬ್ಬ ಇಳಿಸೋ ಕಾಲ. ಆಗಲೇ ಬಂದು, "ಕೂತ್ಕೊಂಡು ನಿಧಾನವಾಗಿ ಯೋಚಿಸಿ ನಿಮಗೆ ಸರಿಹೊಂದುವ ಪ್ಲಾನ್ ಆರಿಸಿ" ಅಂತಾರೆ. ಸುಗ್ಗಿ ಕಾಲದಲ್ಲಿ ಕಣದಲ್ಲಿ ನಿಂತಿರೋ ರೈತನ ಕೈಗೆ ಬ್ಯಾಂಕಿನ ನಲವತ್ತು ಪುಟದ ಕಾಗದ ಕೊಟ್ಟು ಓದಿ ಸಹಿ ಹಾಕು ಅಂದ ಹಾಗೆ.

ಹೋಗಲಿ, ಪುರುಸೊತ್ತು ಮಾಡ್ಕೊಂಡೇ ಕೂತ ಅಂದುಕೊಳ್ಳೋಣ. ಏನೇನು ನೋಡಬೇಕು? ಎರಡು ವಾರಕ್ಕೊಮ್ಮೆ ಸಂಬಳದಲ್ಲಿ ಕಡಿತವಾಗುವ ಪ್ರೀಮಿಯಂ. ವಿಮೆ ಕೈ ಚಾಚುವ ಮೊದಲು ನಾವೇ ಕೊಡಬೇಕಾದ ಮೊತ್ತ, ಅಂದರೆ ಡಿಡಕ್ಟಿಬಲ್. ಡಾಕ್ಟರ ಹತ್ತಿರ ಹೋದಾಗೆಲ್ಲ ಕೊಡುವ ಕೋಪೇ. ಬಿಲ್ಲಿನಲ್ಲಿ ಶೇಕಡಾವಾರು ಪಾಲು, ಅದು ಕೋಇನ್ಶೂರೆನ್ಸ್. ವರ್ಷಕ್ಕೆ ಗರಿಷ್ಠ ಎಷ್ಟು ನಮ್ಮ ಜೇಬಿನಿಂದ ಹೋಗಬಹುದು ಅನ್ನೋ ಮಿತಿ. ಡಾಕ್ಟರು ನೆಟ್‌ವರ್ಕಿನಲ್ಲಿದ್ದಾರಾ? ಪಕ್ಕದ ಮನೆಯವರ ಹೆಂಡತಿಗೆ ಸಕ್ಕರೆ ಕಾಯಿಲೆ, ಅವರ ಮಾತ್ರೆ ಇನ್ಸುಲಿನ್ ಯಾವ ಪ್ಲಾನಿನಲ್ಲಿ ಯಾವ ದರ್ಜೆಗೆ ಬರುತ್ತದೆ? ಇಷ್ಟೆಲ್ಲ ಗೊತ್ತಾದರೂ ಸಾಲದು. ಮುಂದಿನ ವರ್ಷ ನಿಮಗೆ ಯಾವ ಕಾಯಿಲೆ ಬರುತ್ತೆ ಅನ್ನೋದೂ ಗೊತ್ತಿರಬೇಕು!

ನಮಗೆ ಸಿಕ್ಕಿದ ಒಂದು ಸಂಗತಿ ಹೇಳ್ತೀನಿ, ಅಂಕಿ ಸರಳ ಮಾಡಿ. ಒಂದೇ ಕಂಪನಿಯ ಎರಡು ಪ್ಲಾನು ಅಂದುಕೊಳ್ಳಿ. ಒಂದಕ್ಕೆ ಎರಡು ವಾರಕ್ಕೆ 100 ಡಾಲರ್, ಡಿಡಕ್ಟಿಬಲ್ 350. ಇನ್ನೊಂದಕ್ಕೆ 70 ಡಾಲರ್, ಡಿಡಕ್ಟಿಬಲ್ 1000. ಮಿಕ್ಕಿದ್ದೆಲ್ಲ ಒಂದೇ. ಸಾವಿರ ಅಂದ ತಕ್ಷಣ ಯಾರಿಗಾದರೂ ಎದೆ ಝಲ್ ಅನ್ನುತ್ತೆ, ಮೊದಲನೆಯದೇ ಕ್ಷೇಮ ಅನಿಸುತ್ತೆ. ಲೆಕ್ಕ ಹಾಕಿ: ವರ್ಷಕ್ಕೆ 26 ಸಂಬಳ, ವ್ಯತ್ಯಾಸ 30 ಡಾಲರ್, ಒಟ್ಟು 780. ಡಿಡಕ್ಟಿಬಲ್‌ನ ವ್ಯತ್ಯಾಸ ಬರೀ 650. ಕಾಯಿಲೆ ಬರಲಿ, ಬರದಿರಲಿ, ಮೊದಲನೆಯದನ್ನು ಹಿಡಿದವನಿಗೆ ನಷ್ಟ ಖಾತ್ರಿ. ಪಕ್ಕದ ಮನೆಯವರು ವರ್ಷಗಟ್ಟಲೆಯಿಂದ ಅಂಥದ್ದೇ ಒಂದರಲ್ಲಿದ್ದರು. ಕೆಲಸಕ್ಕೆ ಸೇರಿದಾಗ ಯಾರೋ ಸಹೋದ್ಯೋಗಿ ಹೇಳಿದ್ದರಂತೆ, ಹಿಡಿದರು, ಆಮೇಲೆ ಮುಟ್ಟಲಿಲ್ಲ. ವಿಷಯ ತಿಳಿದಾಗ ಅವರ ಬಾಯಿಂದ ಬಂದ ಮೊದಲ ಮಾತು: "ನಾನೊಬ್ಬ ದಡ್ಡ."

ಈ ಮಾತೇ ನನಗೆ ಮೈ ಉರಿಸಿದ್ದು. ಅವರು ದಡ್ಡರಲ್ಲ. ನೂರಾರು ಮನೆಯ ವಿಳಾಸ, ಯಾರ ಮನೆ ನಾಯಿ ಕಚ್ಚುತ್ತೆ ಅನ್ನೋದು ಸಮೇತ, ತಲೆಯಲ್ಲಿಟ್ಟುಕೊಂಡಿರೋ ಮನುಷ್ಯ. ನಮ್ಮ ಕಸುಬಿನಲ್ಲಿ ಒಂದು ನಿಯಮ ಇದೆ. ಒಬ್ಬ ಬಳಕೆದಾರ ತಪ್ಪು ಬಟನ್ ಒತ್ತಿದರೆ ಅದು ಅವನ ತಪ್ಪಿರಬಹುದು. ಅರ್ಧಕ್ಕರ್ಧ ಜನ ಅದೇ ತಪ್ಪು ಬಟನ್ ಒತ್ತಿದರೆ ಬಗ್ ಇರೋದು ನಮ್ಮ ಕೋಡಿನಲ್ಲಿ.

ಅರ್ಧಕ್ಕರ್ಧ ಜನ ಒತ್ತುತ್ತಾರಾ? ಒತ್ತುತ್ತಾರೆ. ಭಾರ್ಗವ, ಲೋವೆನ್‌ಸ್ಟೈನ್, ಸಿಡ್ನರ್ ಅನ್ನೋ ಮೂವರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅಮೆರಿಕದ ಒಂದು ದೊಡ್ಡ ಕಂಪನಿ ತನ್ನ ನೌಕರರಿಗೆ 48 ಪ್ಲಾನುಗಳ ಪಟ್ಟಿ ಕೊಟ್ಟಿತ್ತು. ಬಹುಪಾಲು ನೌಕರರು ನಾನು ಮೇಲೆ ಹೇಳಿದಂಥ ಖಾತ್ರಿ ನಷ್ಟದ ಪ್ಲಾನನ್ನೇ ಆರಿಸಿದ್ದರು. ಹಾಗೆ ಸುಮ್ಮನೆ ಕಳೆದುಕೊಂಡದ್ದು ಅವರು ಆರಿಸಿದ ಪ್ಲಾನಿನ ಪ್ರೀಮಿಯಂನ ಶೇ. 24ರಷ್ಟು. ಅದರಲ್ಲೂ ಹೆಚ್ಚು ಕೈ ಸುಟ್ಟುಕೊಂಡವರು ವಯಸ್ಸಾದವರು, ಹೆಂಗಸರು, ಕಡಿಮೆ ಸಂಬಳದವರು. ಅಂದರೆ ಈ 'ಆಯ್ಕೆಯ ಸ್ವಾತಂತ್ರ್ಯ' ಬಡವನ ಮೇಲೆ ಹಾಕಿದ ತೆರಿಗೆ. ಇದನ್ನು ವಸೂಲಿ ಮಾಡೋಕೆ ಯಾರೂ ಮನೆ ಬಾಗಿಲಿಗೆ ಬರಬೇಕಾಗಿಲ್ಲ, ಸಂಬಳದಲ್ಲೇ ಹಿಡಿದಿರುತ್ತಾರೆ. ಮೇಲಿಂದ "ನೀನೇ ಆರಿಸಿದ್ದು ತಾನೆ" ಅನ್ನೋ ಮಾತು ಬೇರೆ.

ನಿವೃತ್ತಿಯ ಹತ್ತಿರ ಬಂದವರ ಪಾಡು ಇನ್ನೂ ಸೂಕ್ಷ್ಮ. 2006ರ ಕಾನೂನೊಂದು ಅಂಚೆ ಇಲಾಖೆಯ ಮೇಲೆ ಎಂದೋ ನಿವೃತ್ತರಾಗುವವರ ಆರೋಗ್ಯ ವಿಮೆಗೂ ಈಗಲೇ ದುಡ್ಡು ತೆಗೆದಿಡಬೇಕು ಅನ್ನೋ ಹೊರೆ ಹೊರಿಸಿತ್ತು. ವರ್ಷಕ್ಕೆ ಸುಮಾರು 550 ಕೋಟಿ ಡಾಲರ್. ಇಲಾಖೆ ಕೈಚೆಲ್ಲಿತು. 2022ರ ಕಾನೂನು ಆ ಬಾಕಿಯನ್ನು, ಸುಮಾರು 5,700 ಕೋಟಿ ಡಾಲರನ್ನು, ಮನ್ನಾ ಮಾಡಿತು. ಒಳ್ಳೆಯದೇ. ಆದರೆ ಅದರ ಜೊತೆಗೇ ಒಂದು ಷರತ್ತು ಬಂತು: ಇನ್ನು ಮುಂದೆ ನಿವೃತ್ತರಾಗುವವರಲ್ಲಿ ಬಹುತೇಕರು, ಮೆಡಿಕೇರ್ ಅರ್ಹತೆ ಬಂದ ಮೇಲೆ, ಅದರ 'ಪಾರ್ಟ್ ಬಿ'ಗೂ ಸೇರಿ ಪ್ರತ್ಯೇಕ ಪ್ರೀಮಿಯಂ ಕಟ್ಟಬೇಕು. 2025ರಲ್ಲಿ ಅದು ತಿಂಗಳಿಗೆ 185 ಡಾಲರ್. ಸೇರದಿದ್ದರೆ ಅಂಚೆಯ ವಿಮೆಯೂ ಕೈತಪ್ಪುತ್ತದೆ. ಔಷಧಿಗೆ 'ಪಾರ್ಟ್ ಡಿ' ಅಂತ ಇನ್ನೊಂದು. ಅದಕ್ಕೆ ಪ್ಲಾನಿನವರೇ ಸೇರಿಸುತ್ತಾರೆ. ಏನೋ ಕಾಗದ ಬಂತು, ಬೇಡ ಅಂತ ಟಿಕ್ ಮಾಡಿದರೆ ಔಷಧಿಯ ರಕ್ಷಣೆ ಹೋಯಿತು, ಪ್ರೀಮಿಯಂ ಮಾತ್ರ ಅಷ್ಟೇ. ಒಂದು ಟಿಕ್ಕಿಗೆ ಇಷ್ಟು ದೊಡ್ಡ ಶಿಕ್ಷೆ ಇಡುವ ಪರದೆಯನ್ನು ನಾನು ಬರೆದಿದ್ದರೆ ನನ್ನ ಮ್ಯಾನೇಜರು ಅವತ್ತೇ ಕೂರಿಸಿ ಉಗಿದಿರುತ್ತಿದ್ದರು.

ಇದಕ್ಕೆ ಬರುವ ಉತ್ತರ ಗೊತ್ತು: ಸ್ಪರ್ಧೆ ಇದ್ದರೆ ಬೆಲೆ ಇಳಿಯುತ್ತೆ. ಸಂತೆಯಲ್ಲಿ ಅದು ನಿಜ. ಬದನೆಕಾಯಿ ಕೈಯಲ್ಲಿ ಹಿಡಿದು ನೋಡಬಹುದು, ಮುಂದಿನ ಅಂಗಡಿಯಲ್ಲಿ ಬೆಲೆ ಕೇಳಬಹುದು. ಹೋಲಿಸಲಿಕ್ಕೇ ಆಗದ ಹಾಗೆ ಕಟ್ಟಿದ ಗಂಟುಗಳ ನಡುವೆ ಎಂಥ ಸ್ಪರ್ಧೆ? 2025ಕ್ಕೂ 2026ಕ್ಕೂ ಅಂಚೆಯವರು ಕಟ್ಟಬೇಕಾದ ಪಾಲು ಸರಾಸರಿ ಶೇ. 11ಕ್ಕಿಂತ ಹೆಚ್ಚೇ ಏರಿದೆ. ಸಂಬಳ ಹಾಗೆ ಏರಿಲ್ಲ.

ಎಲ್ಲರ ಅಗತ್ಯ ಒಂದೇ ಅಲ್ಲ, ಒಪ್ಪುತ್ತೇನೆ. ಇಪ್ಪತ್ತೈದರ ಹುಡುಗನಿಗೆ ಬೇಕಾದದ್ದು ಬೇರೆ, ಸಕ್ಕರೆ ಕಾಯಿಲೆಯವರಿಗೆ ಬೇಕಾದದ್ದು ಬೇರೆ. ಅದಕ್ಕೆ ನಾಲ್ಕೈದು ನಮೂನೆ ಸಾಕು. ಇದು ಆಗದ ಮಾತೂ ಅಲ್ಲ. ಮೆಡಿಕೇರ್ ಜೊತೆಗೆ ಕೊಳ್ಳುವ 'ಮೆಡಿಗ್ಯಾಪ್' ವಿಮೆಗಳೂ ಒಂದು ಕಾಲಕ್ಕೆ ಹೀಗೇ ಗೋಜಲಾಗಿದ್ದವು. 1990ರ ಕಾನೂನಿನ ಮೂಲಕ ಅವಕ್ಕೆ ಅಕ್ಷರದ ಹೆಸರಿಟ್ಟರು. ಬಹುತೇಕ ರಾಜ್ಯಗಳಲ್ಲಿ ಇವತ್ತು 'ಜಿ' ಪ್ಲಾನು ಅಂದರೆ ಯಾವ ಕಂಪನಿ ಮಾರಿದರೂ ಒಳಗಿರುವುದು ಒಂದೇ. ಗಿರಾಕಿ ಬೆಲೆ ನೋಡಿದರೆ ಆಯಿತು. ಅಂಚೆಯವರಿಗೂ ಅದನ್ನೇ ಮಾಡಿ. ಖಾತ್ರಿ ನಷ್ಟದ ಪ್ಲಾನನ್ನು ಪಟ್ಟಿಯಿಂದಲೇ ತೆಗೆಯಿರಿ. ಹೋದ ವರ್ಷದ ಖರ್ಚಿನ ಮೇಲೆ ಪ್ರತಿ ಪ್ಲಾನಿಗೂ ಒಟ್ಟು ಎಷ್ಟಾಗುತ್ತಿತ್ತು ಅನ್ನೋ ಒಂದೇ ಒಂದು ಅಂಕಿ ತೋರಿಸಿ. ಕೊನೆಗೆ, ಓಪನ್ ಸೀಸನ್ನನ್ನು ಕ್ರಿಸ್‌ಮಸ್ ಪಾರ್ಸೆಲ್ಲಿನ ಬುಡದಿಂದ ಎತ್ತಿ ಬೇರೆ ಕಡೆ ಇಡಿ.

ಊರಿನ ಗೆಳೆಯರು ಇದನ್ನು ಓದಿ, "ನಿಮಗೆ ಹೆಚ್ಚಾಯ್ತು ಅನ್ನೋ ಕೊರಗು, ನಮಗೆ ಇಲ್ಲ ಅನ್ನೋದು" ಅಂತಾರೆ. ನಿಜವೇ. ನಮ್ಮಲ್ಲಿ ಸಿ.ಜಿ.ಎಚ್.ಎಸ್. ಇರುವ ಊರುಗಳಲ್ಲಿ ಅಂಚೆಯ ಕಾಯಂ ನೌಕರ ಸಂಬಳದ ಮಟ್ಟಕ್ಕೆ ತಕ್ಕಂತೆ ತಿಂಗಳಿಗೆ 250ರಿಂದ 1000 ರೂಪಾಯಿ ಕೊಟ್ಟರೆ ಆಯಿತು, ಯಾವ ಪಟ್ಟಿಯನ್ನೂ ನೋಡಬೇಕಾಗಿಲ್ಲ. ಆದರೆ ಹಳ್ಳಿಯಲ್ಲಿ ಟಪಾಲು ಹಂಚುವ ಗ್ರಾಮೀಣ ಡಾಕ್ ಸೇವಕನಿಗೆ ಆ ಸೌಲಭ್ಯ ಇಲ್ಲ. 2023ರ ಡಿಸೆಂಬರಿನಲ್ಲಿ ಅವರು ಮುಷ್ಕರ ಹೂಡಿದಾಗ ವೈದ್ಯಕೀಯ ಸೌಲಭ್ಯವೂ ಬೇಡಿಕೆಗಳಲ್ಲಿತ್ತು. ಅದು ಸಿಗಲೇಬೇಕು. ಸಿಗುವ ದಿನ ಬಂದಾಗ ಮಾತ್ರ ಒಂದು ಎಚ್ಚರ ಇರಲಿ. ಯಾರಾದರೂ ಕೋಟು ಹಾಕಿಕೊಂಡು ಬಂದು, ಇವರಿಗೂ ಒಂದು ಪೋರ್ಟಲ್ ಕೊಡೋಣ, ಹತ್ತಿಪ್ಪತ್ತು ಕಂಪನಿ ಇರಲಿ, ಅವರೇ ಆರಿಸಿಕೊಳ್ಳಲಿ ಅಂದರೆ ನಂಬಬೇಡಿ. ಕಾಯಿಲೆ ಬಿದ್ದವನಿಗೆ ಬೇಕಾದದ್ದು ಚಿಕಿತ್ಸೆ, ಡ್ರಾಪ್‌ಡೌನ್ ಅಲ್ಲ.

ಪಕ್ಕದ ಮನೆಯವರು ಕೊನೆಗೆ ಪ್ಲಾನು ಬದಲಿಸಿದರು. ಮರುದಿನ ಅವರ ಹೆಂಡತಿ ಒಂದು ಕೇಕು ತಂದುಕೊಟ್ಟು ಥ್ಯಾಂಕ್ಸ್ ಹೇಳಿದರು. ಕೇಕು ತಿನ್ನುವಾಗ ನನಗೆ ಸಮಾಧಾನ ಆಗಲಿಲ್ಲ. ಅವರಿಗೆ ಪಕ್ಕದಲ್ಲೊಬ್ಬ ಇಂಜಿನಿಯರ್ ಸಿಕ್ಕಿದ್ದ. ಪಕ್ಕದಲ್ಲಿ ಇಂಜಿನಿಯರ್ ಇದ್ದರೆ ಮಾತ್ರ ಸರಿಯಾಗಿ ನಡೆಯುವ ವಿಮೆಯನ್ನು ವಿಮೆ ಅಂತ ಹೇಗೆ ಕರೆಯೋದು?