ಗಾಡಿ ಎಷ್ಟು ಎತ್ತರವಿರಬೇಕು? ಆಸ್ಟ್ರೇಲಿಯಾದ ರಸ್ತೆಗಳಿಂದ ಒಂದು ಲೆಕ್ಕಾಚಾರ

2023 ಮತ್ತು 2024, ಈ ಎರಡೂ ವರ್ಷಗಳಲ್ಲಿ ಆಸ್ಟ್ರೇಲಿಯಾದಲ್ಲಿ ಅತಿ ಹೆಚ್ಚು ಮಾರಾಟವಾದ ಹೊಸ ವಾಹನ ಕಾರಲ್ಲ. ಹಿಂಭಾಗದಲ್ಲಿ ಸರಕಿನ ತೊಟ್ಟಿಯಿರುವ ಫೋರ್ಡ್ ರೇಂಜರ್. ಅದಕ್ಕೂ ಹಿಂದಿನ ಏಳು ವರ್ಷ ಆ ಸ್ಥಾನ ಟೊಯೊಟಾ ಹೈಲಕ್ಸ್‌ನದಾಗಿತ್ತು. ಅದೂ ಅದೇ ಜಾತಿಯ ಗಾಡಿ. ಇಲ್ಲಿಯವರು ಇವನ್ನು 'ಯೂಟ್' ಎನ್ನುತ್ತಾರೆ. ಇಂತಹ ಗಾಡಿಗಳು ಮತ್ತು ನಾಲ್ಕು ಚಕ್ರಗಳಿಗೂ ಚಾಲನೆಯಿರುವ ದೊಡ್ಡ ಜೀಪುಗಳು ಕೊಂಡ ಕೆಲವೇ ವಾರಗಳಲ್ಲಿ ಮತ್ತೊಂದು ಅಂಗಡಿಗೆ ಹೋಗುವುದು ಸಾಮಾನ್ಯವಾಗಿದೆ. ಅಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬದಲಿಸಿ ಗಾಡಿಯನ್ನು ಎತ್ತರಿಸುತ್ತಾರೆ, ದೊಡ್ಡ ಟೈರ್ ತೊಡಿಸುತ್ತಾರೆ.

ಇದೇ ಅವಧಿಯಲ್ಲಿ ದೇಶದ ರಸ್ತೆಗಳಲ್ಲಿ ಸಾಯುವವರ ಸಂಖ್ಯೆ ಏರುತ್ತಿದೆ. 2030ರ ವೇಳೆಗೆ ಸಾವುಗಳನ್ನು ಅರ್ಧಕ್ಕಿಳಿಸಬೇಕೆಂಬುದು 2021ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯತಂತ್ರದ ಗುರಿ. ಆದರೆ 2024ರಲ್ಲಿ ಸತ್ತವರು ಸುಮಾರು 1,300 ಮಂದಿ. ಈ ಏರಿಕೆಯನ್ನೆಲ್ಲ ಎತ್ತರದ ಗಾಡಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ವೇಗ, ಮದ್ಯ, ಆಯಾಸ, ಮೊಬೈಲ್, ಸೀಟ್ ಬೆಲ್ಟ್ ಧರಿಸದಿರುವುದು ಎಲ್ಲಕ್ಕೂ ಪಾಲಿದೆ. ಆದರೆ ಸಾವುಗಳಲ್ಲಿ ಸುಮಾರು ಮೂರನೇ ಎರಡರಷ್ಟು ಸಂಭವಿಸುವುದು ಮಹಾನಗರಗಳ ಹೊರಗೆ. ಎತ್ತರಿಸಿದ ಗಾಡಿಗಳು ಓಡಾಡುವುದೂ ಹೆಚ್ಚಾಗಿ ಅಲ್ಲಿಯೇ.

ಕನ್ನಡಿಗರಿಗೂ ಇದಕ್ಕೂ ಏನು ಸಂಬಂಧ ಎಂದು ಊರಿನಲ್ಲಿರುವವರು ಕೇಳಬಹುದು. ಹೊರದೇಶದಲ್ಲಿ ಓದಿ ಬಂದ ವೈದ್ಯರು ಸಾಮಾನ್ಯವಾಗಿ ಹತ್ತು ವರ್ಷಗಳ ಕಾಲ ವೈದ್ಯರ ಕೊರತೆಯಿರುವ ಪ್ರದೇಶಗಳಲ್ಲಿಯೇ ಕೆಲಸ ಮಾಡಬೇಕು. ಇಲ್ಲವಾದರೆ ಅವರ ಸೇವೆಗೆ ಮೆಡಿಕೇರ್ ಹಣ ಸಿಗದು. ಪ್ರಾದೇಶಿಕ ವೀಸಾದಲ್ಲಿ ಬರುವ ದಾದಿಯರು, ಎಂಜಿನಿಯರುಗಳು, ಲೆಕ್ಕಿಗರು ಕೂಡ ಸಿಡ್ನಿ, ಮೆಲ್ಬರ್ನ್‌ಗಳಾಚೆಗೆ ನೆಲೆಸುತ್ತಾರೆ. ಅಲ್ಲಿ ಡಾಂಬರು ಮುಗಿದು ಮಣ್ಣಿನ ಹಾದಿ ಆರಂಭವಾಗುವುದು ಬಹಳ ದೂರದಲ್ಲೇನಲ್ಲ. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ನುಗ್ಗುತ್ತವೆ. ಹೀಗಾಗಿ ನಮ್ಮವರೂ ಪ್ರಾಡೊ, ರೇಂಜರ್, ಲ್ಯಾಂಡ್ ಕ್ರೂಸರ್ ಕೊಳ್ಳುತ್ತಾರೆ. 'ಎಷ್ಟು ಎತ್ತರಿಸಲಿ, ಯಾವ ಅಳತೆಯ ಟೈರ್ ಹಾಕಲಿ' ಎಂಬ ಪ್ರಶ್ನೆ ಬಹುಬೇಗ ಮನೆಯೊಳಗೆ ಬರುತ್ತದೆ. ಉತ್ತರವನ್ನು ಸಾಮಾನ್ಯವಾಗಿ ಕೊಡುವವನು ಮಾರುವವನೇ.

ಮೊದಲು ಒಂದು ಭ್ರಮೆಯನ್ನು ದೂರಮಾಡಬೇಕು. ಸಸ್ಪೆನ್ಷನ್ ಎತ್ತರಿಸಿದರೆ ಗಾಡಿಯ ಎಲ್ಲ ಭಾಗಗಳೂ ನೆಲದಿಂದ ಮೇಲೇಳುತ್ತವೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಮೇಲೇಳುವುದು ಚಾಸಿ ಮತ್ತು ಅದರ ಮೇಲಿನ ದೇಹ ಮಾತ್ರ. ಪ್ರಾಡೊದಂತಹ ಗಾಡಿಯ ಹಿಂದಿನ ಗಟ್ಟಿ ಆಕ್ಸಲ್, ಅದರ ನಡುವಿನ ಡಿಫರೆನ್ಷಿಯಲ್ ಗುಂಡು, ಇವು ಚಕ್ರದ ನಡುಭಾಗಕ್ಕೆ ಅಂಟಿಕೊಂಡಿರುವುದರಿಂದ ಇದ್ದಲ್ಲಿಯೇ ಇರುತ್ತವೆ. ಅವನ್ನು ಮೇಲೆತ್ತುವುದು ದೊಡ್ಡ ಟೈರ್ ಮಾತ್ರ. ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. ಸಸ್ಪೆನ್ಷನ್ ಲಿಫ್ಟ್‌ನಿಂದ ದೊರೆಯುವ ಲಾಭ ಬೇರೆ: ಗಾಡಿಯ ಮೂಗು ಮತ್ತು ಬಾಲ ದಿಣ್ಣೆಗೆ ತಾಗದೆ ಹತ್ತಿ ಇಳಿಯುತ್ತವೆ, ಹೊಟ್ಟೆ ಕಲ್ಲಿಗೆ ಉಜ್ಜುವುದಿಲ್ಲ, ದೊಡ್ಡ ಟೈರಿಗೆ ಜಾಗ ದೊರೆಯುತ್ತದೆ.

ಇನ್ನು ಕಾನೂನು. ವಾಹನ ಮಾರ್ಪಾಡಿಗೆ ಆಸ್ಟ್ರೇಲಿಯಾದಲ್ಲಿ 'ವಿಎಸ್‌ಬಿ 14' ಎಂಬ ರಾಷ್ಟ್ರೀಯ ಮಾರ್ಗಸೂಚಿಯಿದೆ. ಅದನ್ನು ಜಾರಿಗೊಳಿಸುವುದು ರಾಜ್ಯಗಳು. ಕ್ವೀನ್ಸ್‌ಲ್ಯಾಂಡಿನಲ್ಲಿ ಇಂತಹ ಗಾಡಿಯನ್ನು ಸಸ್ಪೆನ್ಷನ್ ಮೂಲಕ 50 ಮಿ.ಮೀ., ಟೈರ್ ಮೂಲಕ 25 ಮಿ.ಮೀ., ಒಟ್ಟು 75 ಮಿ.ಮೀ.ವರೆಗೆ ಪ್ರಮಾಣಪತ್ರವಿಲ್ಲದೆ ಎತ್ತರಿಸಬಹುದು. ಅದಕ್ಕಿಂತ ಹೆಚ್ಚಾದರೆ ಅಧಿಕೃತ ಪರೀಕ್ಷಕರ ಒಪ್ಪಿಗೆ ಬೇಕು. ಆ ಒಪ್ಪಿಗೆಗೆ ನ್ಯೂ ಸೌತ್ ವೇಲ್ಸ್‌ನಲ್ಲಿ ಒಂದು ವ್ಯವಸ್ಥೆ, ವಿಕ್ಟೋರಿಯಾದಲ್ಲಿ ಇನ್ನೊಂದು, ಕ್ವೀನ್ಸ್‌ಲ್ಯಾಂಡಿನಲ್ಲಿ ಮಾರ್ಪಾಡು ಫಲಕದ ಪದ್ಧತಿ. ಟೈರ್‌ನ ಒಟ್ಟು ವ್ಯಾಸ, ತಯಾರಕರು ಬಾಗಿಲ ಬಳಿಯ ಫಲಕದಲ್ಲಿ ನಮೂದಿಸಿರುವ ಅತಿ ದೊಡ್ಡ ಟೈರಿಗಿಂತ 50 ಮಿ.ಮೀ. ಮೀರಬಾರದು, ಸಾಮಾನ್ಯ ಕಾರುಗಳಿಗಾದರೆ ಈ ಮಿತಿ 15 ಮಿ.ಮೀ. ಮಾತ್ರ.

ಒಂದು ಉದಾಹರಣೆ ನೋಡೋಣ. ಹಿಂದಿನ ತಲೆಮಾರಿನ ಪ್ರಾಡೊ 265/65ಆರ್17 ಟೈರಿನೊಂದಿಗೆ ಬರುತ್ತಿತ್ತು. ಮೊದಲ ಸಂಖ್ಯೆ ಮಿ.ಮೀ.ನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕದ ಗೋಡೆಯ ಎತ್ತರ ಎಂಬುದು, ಕೊನೆಯದು ರಿಮ್‌ನ ವ್ಯಾಸ ಇಂಚುಗಳಲ್ಲಿ. 265ರ ಶೇ. 65 ಎಂದರೆ 172 ಮಿ.ಮೀ. ಚಿಲ್ಲರೆ, ಅದರ ಎರಡರಷ್ಟಕ್ಕೆ ರಿಮ್‌ನ 432 ಮಿ.ಮೀ. ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 776 ಮಿ.ಮೀ. ಇದೇ ಲೆಕ್ಕದಲ್ಲಿ 265/70ಆರ್17 ಟೈರ್ 803 ಮಿ.ಮೀ. ಬರುತ್ತದೆ. 27 ಮಿ.ಮೀ. ದೊಡ್ಡದು, ಮಿತಿಯೊಳಗಿದೆ, ಗಾಡಿಯನ್ನು 13 ಮಿ.ಮೀ. ಎತ್ತುತ್ತದೆ. ಅಂಗಡಿಗಳಲ್ಲಿ ಬಹುಜನಪ್ರಿಯವಾದ 285/70ಆರ್17 ಟೈರ್ 831 ಮಿ.ಮೀ. ಇದು 55 ಮಿ.ಮೀ. ದೊಡ್ಡದು. ಕಣ್ಣಿಗೆ ಕಾಣದ ಐದು ಮಿಲಿಮೀಟರಿನಿಂದ ಗಾಡಿ ಮಿತಿಯಾಚೆಗೆ ಹೋಗುತ್ತದೆ. ಇದನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಕಾಗದ ಮತ್ತು ಪೆನ್ಸಿಲ್ ಸಾಕು.

ಟೈರ್ ದೊಡ್ಡದಾದಾಗ ಸ್ಪೀಡೋಮೀಟರ್ ಕೂಡ ಬದಲಾಗುತ್ತದೆ. ಮುಳ್ಳು ನಿಖರವಾಗಿದ್ದ ಗಾಡಿಗೆ 803 ಮಿ.ಮೀ. ಟೈರ್ ಹಾಕಿದರೆ, ಅದು ನೂರು ತೋರಿಸುವಾಗ ನಿಜವಾದ ವೇಗ 103ನ್ನು ದಾಟಿರುತ್ತದೆ, 831 ಮಿ.ಮೀ. ಟೈರಾದರೆ 107. ಇಲ್ಲಿನ ವಿನ್ಯಾಸ ನಿಯಮದ ಪ್ರಕಾರ ಮುಳ್ಳು ನಿಜವಾದ ವೇಗಕ್ಕಿಂತ ಹೆಚ್ಚು ತೋರಿಸಬಹುದು, ಕಡಿಮೆ ತೋರಿಸುವಂತಿಲ್ಲ. ವೇಗದ ಕ್ಯಾಮೆರಾಗೆ ನಿಮ್ಮ ಟೈರಿನ ಕಥೆ ಬೇಕಾಗಿಲ್ಲ.

ಆದರೆ ದಂಡಕ್ಕಿಂತ ಗಂಭೀರವಾದುದು ಗಾಡಿ ಮಗುಚುವ ಪ್ರಶ್ನೆ. ಗಾಡಿಯ ಎಡಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಸ್ಥಿರತೆಯ ಒಂದು ಸರಳ ಅಳತೆ ದೊರೆಯುತ್ತದೆ. ಅಮೆರಿಕದ ಸರ್ಕಾರಿ ಸುರಕ್ಷತಾ ಸಂಸ್ಥೆ ಮಗುಚುವ ಅಪಾಯವನ್ನು ಅಂದಾಜಿಸಲು ಇದನ್ನೇ ಬಳಸುತ್ತದೆ. ಚಕ್ರಗಳ ಅಂತರ 1.6 ಮೀಟರ್, ಗುರುತ್ವ ಕೇಂದ್ರ 75 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳೋಣ. ಅಳತೆ 1.07 ಆಗುತ್ತದೆ. ಲಿಫ್ಟ್ ಮತ್ತು ಟೈರ್ ಸೇರಿ ಕೇಂದ್ರ ಆರು ಸೆಂ.ಮೀ. ಮೇಲೆ ಹೋದರೆ ಅದು 0.99ಕ್ಕೆ ಇಳಿಯುತ್ತದೆ. ಛಾವಣಿಯ ಮೇಲೆ ಡೇರೆ, ಜೆರ್ರಿ ಕ್ಯಾನ್, ಹೆಚ್ಚುವರಿ ಟೈರ್ ಹೇರಿದರೆ ಇನ್ನೂ ಕೆಳಗೆ. ಸಣ್ಣ ಇಳಿಕೆಯೆಂದು ತೋರಬಹುದು. ಕಾಂಗರೂ ಕಂಡು ಸ್ಟೀರಿಂಗ್ ಒಮ್ಮೆಲೇ ತಿರುಗಿಸುವ ಆ ಒಂದು ಕ್ಷಣದಲ್ಲಿ ಅದು ಸಣ್ಣದಾಗಿರುವುದಿಲ್ಲ. ಜಾರುವ ಗಾಡಿಯನ್ನು ಹತೋಟಿಗೆ ತರುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇಂದಿನ ಹೊಸ ಗಾಡಿಗಳಲ್ಲಿ ಕಡ್ಡಾಯವಾಗಿದೆ, ನಿಜ. ಆದರೆ ತಯಾರಕರು ಅದನ್ನು ಹೊಂದಿಸಿದ್ದು ತಾವು ಕಟ್ಟಿದ ಎತ್ತರಕ್ಕೆ, ತಾವು ಕೊಟ್ಟ ಟೈರಿಗೆ. ತಾನಾಗಿಯೇ ಬ್ರೇಕ್ ಹಾಕುವ ಕ್ಯಾಮೆರಾ, ರೇಡಾರುಗಳ ಮಾತೂ ಇದೇ. ಅಪಘಾತ ಪರೀಕ್ಷೆಯ ಐದು ನಕ್ಷತ್ರಗಳು ಮಾರ್ಪಾಡು ಮಾಡದ ಗಾಡಿಗೆ ದೊರೆತವು.

ಮಗುಚಿದ ಗಾಡಿಯಲ್ಲಿ ಕುತ್ತಿಗೆಯ ಮೂಳೆ, ಬೆನ್ನುಹುರಿ, ತಲೆ, ಇವಕ್ಕೆ ಪೆಟ್ಟಾಗುವುದನ್ನು ಯಾವ ವೈದ್ಯನೂ ಹಗುರವಾಗಿ ಕಾಣಲಾರ. ಬೆಂಗಳೂರಿನಲ್ಲಿ ಆಂಬುಲೆನ್ಸ್ ದಟ್ಟಣೆಯಲ್ಲಿ ಸಿಲುಕುವುದು ಚಿಂತೆಯಾದರೆ ಇಲ್ಲಿ ದೂರವೇ ಚಿಂತೆ. 1928ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕ್ಲಾಂಕರಿಯಿಂದ ಹಾರಲು ಆರಂಭಿಸಿದ 'ಫ್ಲೈಯಿಂಗ್ ಡಾಕ್ಟರ್' ಸೇವೆ ಇಂದಿಗೂ ಒಳನಾಡಿನ ಜೀವನಾಡಿ. ಆದರೂ ಸಂದೇಶ ತಲುಪಿ, ವಿಮಾನ ಇಳಿದು, ಗಾಯಾಳು ದೊಡ್ಡ ಆಸ್ಪತ್ರೆ ಸೇರುವವರೆಗೆ ಅಮೂಲ್ಯ ಗಂಟೆಗಳು ಕಳೆಯುತ್ತವೆ. ಆಸ್ಪತ್ರೆ ದೂರವಿದ್ದಷ್ಟೂ ಮಗುಚದ ಗಾಡಿಯ ಬೆಲೆ ಹೆಚ್ಚು.

ಎರಡನೆಯ ಪ್ರಶ್ನೆ ತೂಕದ್ದು. ಬಲವಾದ ಸ್ಪ್ರಿಂಗ್ ಹಾಕಿಸಿದರೆ ಹೆಚ್ಚು ಭಾರ ಹೊರಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಸ್ಪ್ರಿಂಗ್ ತಡೆಯಬಹುದು, ಕಾನೂನಿನ ಮಿತಿ ಮಾತ್ರ ಕದಲುವುದಿಲ್ಲ. ಗಾಡಿ, ಜನ, ಸಾಮಾನು ಎಲ್ಲವೂ ಸೇರಿದ ಗರಿಷ್ಠ ತೂಕಕ್ಕೆ ಜಿವಿಎಂ ಎನ್ನುತ್ತಾರೆ. ಅದೇ ಪ್ರಾಡೊಗೆ ಇದು 2,990 ಕೆ.ಜಿ. ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ಸ್ಥೂಲವಾಗಿ 650 ಕೆ.ಜಿ. ಈಗ ಕೂಡಿಸಿ: ಐದು ಜನ 350, ಉಕ್ಕಿನ ಬುಲ್ ಬಾರ್ 60, ಛಾವಣಿಯ ಕ್ಯಾರಿಯರ್ 30, ಅದರ ಮೇಲಿನ ಡೇರೆ 60, ನೀರು 60, ಎರಡನೇ ಬ್ಯಾಟರಿ 30, ಊಟ ತುಂಬಿದ ಫ್ರಿಜ್ 40, ಹಗ್ಗ, ಸಲಿಕೆ, ಉಪಕರಣಗಳು 60. ಒಟ್ಟು 690. ಬಟ್ಟೆಬರೆಯ ಚೀಲ ಇನ್ನೂ ಹತ್ತಿಲ್ಲ, ಮಿತಿ ಆಗಲೇ ಮೀರಿದೆ. ಜಿವಿಎಂ ಹೆಚ್ಚಿಸುವ ಕಾನೂನುಬದ್ಧ ಮಾರ್ಗವಿದೆ. ಅದಕ್ಕೆ ಪ್ರತ್ಯೇಕ ಎಂಜಿನಿಯರಿಂಗ್ ಅನುಮೋದನೆ ಬೇಕು. ಬರೀ ಲಿಫ್ಟ್ ಕಿಟ್ ಅದಕ್ಕೆ ಪರ್ಯಾಯವಲ್ಲ.

ವಿಮೆಯ ಅರ್ಜಿಯಲ್ಲಿ ಮಾರ್ಪಾಡುಗಳನ್ನು ಕೇಳುತ್ತಾರೆ. ಸರಿಯಾಗಿ ತಿಳಿಸದಿದ್ದರೆ, ಅಥವಾ ಕಾನೂನು ಮೀರಿದ ಮಾರ್ಪಾಡೇ ಅಪಘಾತಕ್ಕೆ ಕಾರಣವಾದರೆ, ಪರಿಹಾರ ಕಡಿತವಾಗಬಹುದು, ನಿರಾಕರಣೆಯೂ ಆಗಬಹುದು. ಹೊಸದಾಗಿ ಬಂದು, ಸಾಲದಲ್ಲಿ ಗಾಡಿ ಕೊಂಡ ಕುಟುಂಬಕ್ಕೆ ಇದು ಹಲವು ವರ್ಷಗಳ ಉಳಿತಾಯವನ್ನೇ ನುಂಗುವ ಹೊಡೆತ.

ಹಾಗಾದರೆ ಮರಳು, ಕೆಸರು, ಜಲ್ಲಿಯ ಹಾದಿಯಲ್ಲಿ ಹೋಗುವುದು ಹೇಗೆ? ಅತ್ಯಂತ ಪರಿಣಾಮಕಾರಿಯಾದ ಹೊಂದಾಣಿಕೆ ಬಹುಪಾಲು ಪುಕ್ಕಟೆಯಾಗಿಯೇ ದೊರೆಯುತ್ತದೆ: ಟೈರಿನ ಗಾಳಿ ಇಳಿಸುವುದು. ಡಾಂಬರಿನ ಮೇಲೆ 36 ಪಿಎಸ್‌ಐ ಆಸುಪಾಸಿನಲ್ಲಿರುವ ಟೈರನ್ನು ಕೆಗಾರಿ ದ್ವೀಪದಂತಹ ಮರಳಿನಲ್ಲಿ 16ರಿಂದ 18ಕ್ಕೆ ಇಳಿಸಿದರೆ ಅದು ಉದ್ದಕ್ಕೆ ಹರಡಿ ನೆಲವನ್ನು ಅಪ್ಪುತ್ತದೆ, ಗಾಡಿ ಹೂತುಹೋಗದೆ ತೇಲಿದಂತೆ ಸಾಗುತ್ತದೆ. ಜಲ್ಲಿ ರಸ್ತೆಯಲ್ಲಿ ಕೆಲವು ಪಿಎಸ್‌ಐ ಇಳಿಸಿದರೆ ಕುಲುಕಾಟ ತಗ್ಗುತ್ತದೆ. ಗಾಳಿ ಇಳಿಸಿದ ಮೇಲೆ ವೇಗವನ್ನೂ ಇಳಿಸಬೇಕು, ತಿರುವುಗಳಲ್ಲಿ ನಿಧಾನಿಸಬೇಕು, ಡಾಂಬರಿಗೆ ಮರಳುವ ಮುನ್ನ ಮತ್ತೆ ತುಂಬಬೇಕು. ಇದಕ್ಕೆ ಬೇಕಾಗುವುದು ಒಂದು ಒತ್ತಡಮಾಪಕ ಮತ್ತು ಬ್ಯಾಟರಿಗೆ ಜೋಡಿಸುವ ಸಣ್ಣ ಪಂಪು. ಎತ್ತರಕ್ಕೆ ಸಾವಿರಾರು ಡಾಲರ್ ಸುರಿಯುವ ಎಷ್ಟೋ ಜನ ಈ ಪಾಠವನ್ನು ಕಲಿತಿರುವುದಿಲ್ಲ.

ಎತ್ತರದ ಫಲವನ್ನು ಗಾಡಿಯೊಳಗಿರುವವರು ಮಾತ್ರ ಅನುಭವಿಸುವುದಿಲ್ಲ. ಬಾನೆಟ್ ಮೇಲೇರಿದಷ್ಟೂ ಅದರ ಮುಂದಿನ ಕುರುಡು ಜಾಗ ಹಿಗ್ಗುತ್ತದೆ. ಮನೆಯಂಗಳದಲ್ಲಿ ಆಡುವ ಎರಡು ವರ್ಷದ ಮಗು ಕಾಣದು. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 40 ಇಂಚಿಗಿಂತ ಎತ್ತರದ ಬಾನೆಟ್ಟಿನ ವಾಹನಗಳು ತಗ್ಗಾದ, ಇಳಿಜಾರು ಮೂತಿಯ ವಾಹನಗಳಿಗಿಂತ ಸುಮಾರು ಶೇ. 45ರಷ್ಟು ಹೆಚ್ಚಾಗಿ ಪಾದಚಾರಿಗಳ ಸಾವಿಗೆ ಕಾರಣವಾಗುತ್ತವೆಂದು ಕಂಡುಬಂತು. ಎತ್ತರಿಸಿದ ಮೇಲೆ ಹೆಡ್‌ಲೈಟಿನ ಕೋನ ಸರಿಪಡಿಸದಿದ್ದರೆ ಎದುರು ಬರುವವನ ಕಣ್ಣು ಕತ್ತಲಾಗುತ್ತದೆ. ಇನ್ನು ಆರು ತಿಂಗಳಿಗೆಂದು ಬರುವ ತಂದೆತಾಯಿಯರು: ಸವೆದ ಮಂಡಿಯಲ್ಲಿ, ಸೀರೆಯ ನೆರಿಗೆ ಹಿಡಿದು ಆ ಗಾಡಿ ಹತ್ತುವ ತಾಯಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಎತ್ತರ ಕುಟುಂಬದ ಗಾಡಿಗೆ ಹೊಂದದು.

ಭಾರತದಲ್ಲಿ ತಯಾರಕರ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಆಸ್ಟ್ರೇಲಿಯಾ ಅಷ್ಟು ಬಿಗಿಯಲ್ಲ, ಅಳೆದು ಅನುಮತಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಅಳೆದು ಕೊಡುವುದೇ ವಿವೇಕದ ಮಾರ್ಗ, ಏಕೆಂದರೆ ಇಲ್ಲಿ ನಿಜವಾಗಿಯೂ ಎತ್ತರ ಬೇಕಾದ ರೈತರು, ಗಣಿ ಕಾರ್ಮಿಕರು, ಒಳನಾಡಿನ ದಾದಿಯರು ಇದ್ದಾರೆ. ಕೊರತೆಯಿರುವುದು ಎರಡು ಕಡೆ. ಗಡಿ ದಾಟಿದರೆ ಬದಲಾಗುವ ನಿಯಮ ಮತ್ತು ಪ್ರಮಾಣಪತ್ರಗಳು ಪ್ರಾಮಾಣಿಕನನ್ನೂ ಗೊಂದಲಕ್ಕೆ ದೂಡುತ್ತವೆ. ಮತ್ತೆ, ಮಾರುವವನಿಗೆ ಎತ್ತರ ಮಾರುವ ಹಕ್ಕಿದೆ, ಅದರ ಪರಿಣಾಮವನ್ನು ಬಿಡಿಸಿ ಹೇಳುವ ಹೊಣೆ ಸಾಲದು. ಔಷಧದ ಪೊಟ್ಟಣದೊಳಗೆ ಅಡ್ಡಪರಿಣಾಮಗಳ ಚೀಟಿ ಇರುವಂತೆ ಲಿಫ್ಟ್ ಕಿಟ್ಟಿನೊಂದಿಗೂ ಒಂದು ಚೀಟಿ ಇರಬೇಕು.

ಆ ಚೀಟಿ ಬರುವವರೆಗೆ ಕ್ರಮವನ್ನು ತಿರುಗಿಸಿಕೊಳ್ಳುವುದು ಒಳಿತು. ಮೊದಲು ವರ್ಷಕ್ಕೆ ಎಷ್ಟು ದಿನ ಮಣ್ಣಿನ ಹಾದಿ ಎಂದು ಎಣಿಸಿ. ನಂತರ ಜನ ಮತ್ತು ಸಾಮಾನು ಹೇರಿ ಗಾಡಿಯನ್ನು ತೂಕದ ಕಟ್ಟೆಗೆ ಒಯ್ಯಿರಿ. ಆಮೇಲೆ ಟೈರ್: ಮೂಲ ಅಳತೆಯದೇ ಅಥವಾ ಒಂದು ಹೆಜ್ಜೆ ದೊಡ್ಡದು, ಭಾರ ಹೊರುವ ಸೂಚ್ಯಂಕ ಫಲಕದಲ್ಲಿರುವುದಕ್ಕಿಂತ ಕಡಿಮೆಯಲ್ಲದ್ದು, ಎಲ್ಲ ಹಾದಿಗೂ ಸಲ್ಲುವ ಮಾದರಿಯದು. ಕೆಸರಿಗೆಂದೇ ಮಾಡಿದ ದಪ್ಪ ಗೀರಿನ ಟೈರ್ ಒದ್ದೆ ಡಾಂಬರಿನಲ್ಲಿ ಹಿಡಿತ ಬಿಡುತ್ತದೆ. ಇಷ್ಟಾದ ಮೇಲೂ ಹೊಟ್ಟೆ ನೆಲಕ್ಕೆ ಉಜ್ಜುತ್ತಿದ್ದರೆ ಮಾತ್ರ ಸಸ್ಪೆನ್ಷನ್. ಅದೂ 50 ಮಿ.ಮೀ. ಒಳಗೆ, ಚಕ್ರಗಳ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್ ಸರಿಪಡಿಸಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಬಹುಪಾಲು ಕುಟುಂಬಗಳ ಅಗತ್ಯ ಈ ಕೊನೆಯ ಹೆಜ್ಜೆಗೆ ಬರುವ ಮೊದಲೇ ತೀರುತ್ತದೆ.

ಮಗನೋ ಮಗಳೋ ವಾಟ್ಸ್ಆ್ಯಪ್‌ನಲ್ಲಿ ಹೊಸ ಗಾಡಿಯ ಫೋಟೋ ಕಳಿಸಿದಾಗ ಊರಿನಲ್ಲಿರುವ ಹಿರಿಯರು 'ಎಷ್ಟು ಕೊಟ್ಟೆ' ಎಂದು ಕೇಳುವುದು ರೂಢಿ. 'ತುಂಬಿದ ಗಾಡಿಯನ್ನು ತೂಗಿಸಿದ್ದೀಯಾ, ವಿಮೆಯವರಿಗೆ ಹೇಳಿದ್ದೀಯಾ' ಎಂದೂ ಕೇಳಿರಿ.