ಬಿಲ್ಡ್ ಎಂದರೇನು ಎಂದು ಮಕ್ಕಳನ್ನು ಕೇಳೋಣ

ಸವಣೂರಿನ ಮೊಹಲ್ಲಾಗಳಲ್ಲಿ ಇಶಾ ನಮಾಝಿನ ಬಳಿಕ ಕಟ್ಟೆಯ ಮೇಲೆ ಕುಳಿತ ಹುಡುಗರ ಮಾತಿಗೆ ಕಿವಿಗೊಟ್ಟರೆ ಈಚೆಗೆ ಒಂದು ಪದ ಮತ್ತೆ ಮತ್ತೆ ಕೇಳಿಬರುತ್ತದೆ: ಬಿಲ್ಡ್. 'ನಿನ್ನ ಬಿಲ್ಡ್ ಬರೋಬ್ಬರಿ ಇಲ್ಲೋ', 'ಅದರಾಗ ಡಿಫೆನ್ಸ್ ಬಾಳ ಕಡಿಮಿ ಐತಿ' ಎಂದೆಲ್ಲ ಅವರು ಗಂಭೀರವಾಗಿ ಚರ್ಚಿಸುತ್ತಾರೆ. ಪಕ್ಕದಲ್ಲಿ ಕುಳಿತ ಹಿರಿಯರು ಯಾರದೋ ಮನೆ ಕಟ್ಟುವ ಸಂಗತಿಯೆಂದು ಭಾವಿಸಿ ಸುಮ್ಮನಾಗುವುದೂ ಉಂಟು.

ಪಾಲಕರು ನಮ್ಮ ಬಳಿಗೆ ತರುವ ದೂರು ಒಂದೇ: ಮಗ ಇಷ್ಟು ತಾಸು ಮೊಬೈಲ್ ಹಿಡಿದಿರುತ್ತಾನೆ. ಆ ದೂರು ಸುಳ್ಳಲ್ಲ. ಫಜ್ರ್‌ಗೆ ಏಳಲಾಗದ ಮಗನನ್ನು ಕಂಡೂ ತಂದೆ ಸುಮ್ಮನಿರಬೇಕೆಂದು ನಾವು ಹೇಳುವವರಲ್ಲ. ಆದರೆ ತಾಸುಗಳನ್ನು ಇಷ್ಟು ಕಟ್ಟುನಿಟ್ಟಾಗಿ ಎಣಿಸುವವರು, ಆ ತಾಸುಗಳಲ್ಲಿ ಅವನು ಏನನ್ನು ಕಟ್ಟುತ್ತಿದ್ದಾನೆ ಎಂದು ಒಮ್ಮೆಯೂ ಕೇಳಿದ್ದನ್ನು ನಾವು ಕಂಡಿಲ್ಲ. ಕೇಳತಕ್ಕ ಪ್ರಶ್ನೆ ಅದು.

2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ನಿಷೇಧಿಸಿದ ಪಬ್‌ಜಿಯ ಹೆಸರನ್ನು ಎಲ್ಲರೂ ಬಲ್ಲರು. ಅಂಥ ಗುಂಡಿನ ಆಟಗಳಲ್ಲಿ ಎಲ್ಲರೂ ಬರಿಗೈಯಲ್ಲಿ ಒಂದೇ ನೆಲಕ್ಕೆ ಇಳಿಯುತ್ತಾರೆ. ನಾವಿಲ್ಲಿ ಹೇಳುತ್ತಿರುವುದು ಪಾತ್ರ ವಹಿಸಿ ಆಡುವ, ರೋಲ್ ಪ್ಲೇಯಿಂಗ್ ಎಂದು ಕರೆಯಲ್ಪಡುವ ಬೇರೊಂದು ಬಗೆಯ ಆಟವನ್ನು. ಅಲ್ಲಿ ಹುಡುಗ ಒಂದು ಪಾತ್ರವನ್ನು ಆರಿಸಿಕೊಂಡು ತಿಂಗಳುಗಟ್ಟಲೆ ಬೆಳೆಸುತ್ತಾನೆ. ಪಾತ್ರ ಮೆಟ್ಟಿಲು ಏರಿದಂತೆಲ್ಲ ಕೆಲವು ಅಂಕಗಳು ದೊರೆಯುತ್ತವೆ. ಅವನ್ನು ಬಲಕ್ಕೆ ಹಾಕಬೇಕೋ, ಚುರುಕುತನಕ್ಕೋ, ಪ್ರಾಣಶಕ್ತಿಗೋ, ಮಂತ್ರಶಕ್ತಿಗೋ ಎಂಬುದು ಅವನ ತೀರ್ಮಾನ. ಈ ಹಂಚಿಕೆಗೇ ಬಿಲ್ಡ್ ಎಂದು ಹೆಸರು.

ಇದರ ಮೂಲ ಮೊಬೈಲಿಗಿಂತ ಬಹಳ ಹಳೆಯದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಕಾಗದ, ಪೆನ್ಸಿಲು, ದಾಳಗಳಿಂದ ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟವನ್ನು ಪ್ರಕಟಿಸಿದರು. ಪಾತ್ರಕ್ಕೆ ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ಪರರನ್ನು ಸೆಳೆಯುವ ವ್ಯಕ್ತಿತ್ವ ಎಂಬ ಆರು ಗುಣಗಳು. ಒಂದೊಂದಕ್ಕೂ ಮೂರು ದಾಳ ಉರುಳಿಸಬೇಕು. 3ರಿಂದ 18ರವರೆಗೆ ಎಷ್ಟು ಬಿದ್ದರೆ ಅಷ್ಟೇ ಪಾಲು. ಮದ್ರಸದಲ್ಲಿ ಓದಿದವನಿಗೆ ತಕ್ದೀರಿನ ಪಾಠ ನೆನಪಾಗುವ ಸ್ಥಳವಿದು. ಮುಂದೆ 2000ದಲ್ಲಿ ಬಂದ 'ಡಯಾಬ್ಲೊ 2' ಎಂಬ ಕಂಪ್ಯೂಟರ್ ಆಟದಲ್ಲಿ ದಾಳ ಇರಲಿಲ್ಲ. ಪ್ರತಿ ಮೆಟ್ಟಿಲಿಗೆ ಐದು ಅಂಕ, ಹಾಕಲು ನಾಲ್ಕು ಸ್ಥಾನ, ಹಂಚಿಕೆ ಪೂರ್ತಿ ಆಟಗಾರನ ಇಖ್ತಿಯಾರಿಗೆ ಸೇರಿದ್ದು. ತಪ್ಪಾಗಿ ಹಂಚಿದವನಿಗೆ ಮಾತ್ರ ಮಾಫಿ ಇರಲಿಲ್ಲ. ಹಂಚಿದ್ದನ್ನು ಹಿಂಪಡೆಯುವ ಅವಕಾಶವನ್ನು ಕಂಪನಿ ಕೊಟ್ಟದ್ದು 2010ರಲ್ಲಿ. ಅಲ್ಲಿಯವರೆಗೆ ವಾರಗಟ್ಟಲೆ ಬೆಳೆಸಿದ ಪಾತ್ರವನ್ನು ಬಿಟ್ಟು ಮೊದಲ ಮೆಟ್ಟಿಲಿನಿಂದ ಹೊಸದನ್ನು ಆರಂಭಿಸುವುದೊಂದೇ ದಾರಿಯಾಗಿತ್ತು.

ಅಂಕಗಳು ಎಣಿಸಿಟ್ಟಷ್ಟೇ ಇರುವುದರಿಂದ ಒಂದಕ್ಕೆ ಹಾಕಿದ್ದು ಇನ್ನೊಂದರಿಂದ ಕಳೆದದ್ದೇ. ಆದುದರಿಂದ ಬಿಲ್ಡ್‌ನ ಅರ್ಥವನ್ನು ತಿಳಿಯಬೇಕಾದರೆ ಹುಡುಗ ಏನನ್ನು ಹೆಚ್ಚಿಸಿದ್ದಾನೆ ಎಂಬುದಕ್ಕಿಂತ ಏನಿಲ್ಲದೆ ಬದುಕಲು ಒಪ್ಪಿದ್ದಾನೆ ಎಂಬುದನ್ನು ನೋಡಬೇಕು. ನಮ್ಮೂರಿನ ದೊಡ್ಡಹುಣಸೆ ಮಠದ ಆವರಣದ ಬಾವೋಬಾಬ್ ಮರಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಆಫ್ರಿಕಾ ಮೂಲದ ಆ ಮರ ತನ್ನ ಸರ್ವಸ್ವವನ್ನೂ ಕಾಂಡಕ್ಕೆ ಸುರಿದು ಅದರಲ್ಲಿ ನೀರು ಕೂಡಿಡುತ್ತದೆ. ಬರ ಬಂದರೆ ಎಲೆ ಉದುರಿಸಿ ಆ ನೀರಿನಲ್ಲೇ ಬಾಳುತ್ತದೆ. ಅಷ್ಟು ದಪ್ಪದ ಮರದಿಂದ ಒಂದು ಗಟ್ಟಿ ಹಲಗೆಯೂ ಹೊರಡುವುದಿಲ್ಲ. ಒಳಗೆಲ್ಲ ಮೆತ್ತಗಿನ ನಾರು. ತೇಗದ ಮರವು ತನ್ನ ಪಾಲನ್ನು ಹಂಚಿಕೊಂಡ ರೀತಿ ಬೇರೆ. ಎರಡನ್ನೂ ಒಂದೇ ಮರದಲ್ಲಿ ಬಯಸುವಂತಿಲ್ಲ.

ಹದಿನಾಲ್ಕು ವರ್ಷದ ಹುಡುಗನೊಬ್ಬ ಹೀಗೆ ಯೋಚಿಸಲು ಕಲಿತಿದ್ದರೆ ಅದನ್ನು ವ್ಯರ್ಥವೆಂದು ತಳ್ಳಿಹಾಕಲು ನಮಗೆ ಮನಸ್ಸಾಗುವುದಿಲ್ಲ. ಅದರಲ್ಲೂ ಗುಂಪಿನ ಆಟಗಳಲ್ಲಿ ಈ ಹಂಚಿಕೆಗೆ ಮತ್ತೊಂದು ಅರ್ಥ ಒದಗುತ್ತದೆ. 2004ರಲ್ಲಿ ಆರಂಭವಾಗಿ ಜಗತ್ತಿನಾದ್ಯಂತ ಲಕ್ಷಾಂತರ ಜನರು ಆಡಿದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ಐದು ಮಂದಿ ಜೊತೆಯಾಗಿ ಗುಹೆಗೆ ಇಳಿಯುತ್ತಾರೆ. ಒಬ್ಬನು ಎಲ್ಲರ ಪರವಾಗಿ ಪೆಟ್ಟು ತಿನ್ನುವವನು, ಒಬ್ಬನು ಗಾಯ ಮಾಯಿಸುವವನು, ಉಳಿದ ಮೂವರು ಹೊಡೆಯುವವರು. ಎಲ್ಲರಿಗೂ ಹೊಡೆಯುವ ಪಾತ್ರವೇ ಬೇಕು. ಅಂಥವರು ಸಾಲುಗಟ್ಟಿ ಕಾಯುತ್ತಿದ್ದರೆ ಪೆಟ್ಟು ತಿನ್ನುವವರೂ ಗಾಯ ಮಾಯಿಸುವವರೂ ಸಿಗುವುದೇ ಇಲ್ಲ. ಕೊನೆಗೆ 2011ರಲ್ಲಿ ಕಂಪನಿ, ಕೊರತೆಯಿರುವ ಪಾತ್ರದಲ್ಲಿ ಬರುವವರಿಗೆ ಹೆಚ್ಚುವರಿ ಬಹುಮಾನದ ಚೀಲ ಕೊಡುವ ಏರ್ಪಾಡು ಮಾಡಿತು. ಆಟದ ಲೋಕದಲ್ಲೂ ಶುಶ್ರೂಷೆಗೆ ಜನರನ್ನು ಕರೆತರಲು ಕೂಲಿ ಕೊಡಬೇಕಾಯಿತು!

ನಮ್ಮ ವಿದ್ಯಾರ್ಥಿಯೊಬ್ಬನು ಮೊಬೈಲಿನಲ್ಲಿ ಇಂಥದೇ ಆಟವೊಂದನ್ನು ಆಡುತ್ತಾನೆ. ಓದಿನಲ್ಲಿ ಹಿಂದೆ, ತರಗತಿಯಲ್ಲಿ ಮೌನಿ. ಯಾವ ಪಾತ್ರ ಕಟ್ಟಿದ್ದೀ ಎಂದು ಕೇಳಿದಾಗ 'ಹೀಲರ್ ಹಜ್ರತ್' ಎಂದ. ಅದೇ ಏಕೆ ಎಂದರೆ, 'ಯಾರೂ ಆಗಾಕ ಒಲ್ಲರ್ರಿ' ಎಂಬ ಉತ್ತರ ಬಂತು. ಅವನ ಅಂಕಪಟ್ಟಿಯಿಂದ ಮೂರು ವರ್ಷಗಳಲ್ಲಿ ತಿಳಿಯದ ಸಂಗತಿಯೊಂದು ನಮಗೆ ಆ ಉತ್ತರದಿಂದ ತಿಳಿಯಿತು.

ಆದರೆ ಆಟದ ಈ ಗಣಿತವನ್ನು ಮನುಷ್ಯನ ಗುಣಕ್ಕೆ ಹಚ್ಚಿದರೆ ತೊಡಕು ಆರಂಭವಾಗುತ್ತದೆ. ಇಂಗ್ಲಿಷಿನ ಕ್ಯಾರೆಕ್ಟರ್ ಎಂಬ ಪದಕ್ಕೆ ಪಾತ್ರವೆಂಬ ಅರ್ಥವೂ ಇದೆ, ಚಾರಿತ್ರ್ಯವೆಂಬ ಅರ್ಥವೂ ಇದೆ. ಅರಬಿಯಲ್ಲಿ ಖಲ್ಕ್ ಎಂದರೆ ಹೊರಗಿನ ಆಕಾರ, ಖುಲ್ಕ್ ಎಂದರೆ ಒಳಗಿನ ಆಕಾರ, ಮೂಲಾಕ್ಷರಗಳು ಒಂದೇ. ಇಮಾಮ್ ಗಝ್ಝಾಲಿ(ರ) ಅವರು ಈ ಜೋಡಿಯನ್ನು ಹಿಡಿದೇ ಅಖ್ಲಾಕನ್ನು ವಿವರಿಸುತ್ತಾರೆ. ಮುಖ ಸುಂದರವಾಗಲು ಕಣ್ಣೊಂದು ಚೆನ್ನಾಗಿದ್ದರೆ ಸಾಲದು, ಮೂಗು, ಬಾಯಿ, ಕೆನ್ನೆಗಳೂ ಸರಿಯಿರಬೇಕು. ಒಳಗಿನ ರೂಪಕ್ಕೂ ಅದೇ ನಿಯಮ. ಅವರ ಪಟ್ಟಿಯಲ್ಲೂ ಇರುವುದು ನಾಲ್ಕೇ: ಜ್ಞಾನದ ಶಕ್ತಿ, ಕೋಪದ ಶಕ್ತಿ, ಬಯಕೆಯ ಶಕ್ತಿ, ಈ ಮೂರನ್ನೂ ಹದದಲ್ಲಿ ಹಿಡಿಯುವ ನ್ಯಾಯದ ಶಕ್ತಿ. ಡಯಾಬ್ಲೊದ ನಾಲ್ಕಕ್ಕೂ ಈ ನಾಲ್ಕಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳೇ ಬೇಗ ಗುರುತಿಸುತ್ತಾರೆ. ಆಟದಲ್ಲಿ ಬಲ ಎಷ್ಟು ಹೆಚ್ಚಾದರೂ ಅದು ಬಲವೇ. ಗಝ್ಝಾಲಿಯವರ ಲೆಕ್ಕದಲ್ಲಿ ಕೋಪದ ಶಕ್ತಿ ಹದದಲ್ಲಿದ್ದರೆ ಧೈರ್ಯ, ಮಿತಿ ದಾಟಿದರೆ ದುಡುಕು, ಕುಂದಿದರೆ ಹೇಡಿತನ. ಹೆಚ್ಚಿದ್ದೇ ದೋಷವಾಗುವ ಬಿಂದುವೊಂದು ಇಲ್ಲಿದೆ. ಯಾವ ಒಂದನ್ನೂ ಸೊನ್ನೆಗೆ ಬಿಡಲೂ ಆಗದು. ಡಯಾಬ್ಲೊದಲ್ಲಿ ಪಳಗಿದವರು ಮಂತ್ರಶಕ್ತಿಗೆ ಒಂದು ಅಂಕವನ್ನೂ ಹಾಕದೆ ಗೆಲ್ಲುತ್ತಿದ್ದರು. ನ್ಯಾಯಕ್ಕೆ ಒಂದು ಅಂಕವನ್ನೂ ಹಾಕದವನು ಗೆದ್ದರೆ ಊರಿನ ಗತಿಯೇನು?

ಆಟ ಕಟ್ಟುವವರಲ್ಲಿ ಇದು ಹೊಳೆದವರೇ ಇಲ್ಲವೆಂದಲ್ಲ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬ ಅಮೆರಿಕದ ತರುಣ ರೂಪಿಸಿದ 'ಅಲ್ಟಿಮಾ 4' ಆಟವನ್ನು ಪಾಲಕರು ತಿಳಿದಿರುವುದು ಒಳ್ಳೆಯದು. (ಅದರ ಹೆಸರಿನಲ್ಲಿ ಅವತಾರ್ ಎಂಬ ಪದವಿದೆ, ಅದರ ಗೊಡವೆ ನಮಗೆ ಬೇಡ.) ಅದರಲ್ಲಿ ಕೊಲ್ಲಬೇಕಾದ ಖಳನೇ ಇಲ್ಲ. ಆರಂಭದಲ್ಲಿ ಅಂಕ ಹಂಚುವುದೂ ಇಲ್ಲ. ಒಬ್ಬ ಮಹಿಳೆ ಆಟಗಾರನನ್ನು ಎದುರಿಗೆ ಕೂರಿಸಿಕೊಂಡು ಏಳು ಪ್ರಶ್ನೆಗಳನ್ನು ಕೇಳುತ್ತಾಳೆ. ಪ್ರತಿ ಪ್ರಶ್ನೆಯಲ್ಲೂ ಎರಡು ಸದ್ಗುಣಗಳು ಎದುರುಬದುರಾಗುತ್ತವೆ. ಸತ್ಯ ಉಳಿಸಿಕೊಂಡರೆ ಕರುಣೆಗೆ ಭಂಗ, ಕರುಣೆ ತೋರಿದರೆ ನ್ಯಾಯಕ್ಕೆ ಭಂಗ ಎಂಬಂಥ ಸಂದಿಗ್ಧಗಳು. ಉತ್ತರಗಳಿಂದ ಪಾತ್ರ ನಿಶ್ಚಯವಾಗುತ್ತದೆ. ಶೌರ್ಯವನ್ನು ಆರಿಸಿದವನು ಯೋಧ, ಪ್ರಾಮಾಣಿಕತೆಯನ್ನು ಆರಿಸಿದವನು ಮಾಂತ್ರಿಕ, ವಿನಯವನ್ನು ಆರಿಸಿದವನು ಕುರುಬ. ಆ ಕುರುಬನೇ ಆಟದಲ್ಲಿ ಅತ್ಯಂತ ದುರ್ಬಲ. ಅವನ ಪಯಣ ಆರಂಭವಾಗುವುದು ಅಹಂಕಾರದಿಂದ ಹಾಳುಬಿದ್ದ ಊರೊಂದರ ಬಳಿಯಲ್ಲಿ. ಕುರಿ ಕಾಯದ ಪ್ರವಾದಿಯಿಲ್ಲವೆಂಬುದನ್ನು ನಮ್ಮ ಮದ್ರಸದ ಚಿಕ್ಕ ಮಕ್ಕಳೂ ಬಲ್ಲರು. ಆ ಮಕ್ಕಳಿಗೆ ಈ ಸಂಗತಿ ಹೇಳಿದರೆ ಕಣ್ಣರಳಿಸುತ್ತಾರೆ.

ಆ ಆಟದಲ್ಲಿ ಗಿಡಮೂಲಿಕೆ ಮಾರುವ ಕುರುಡಿಯೊಬ್ಬಳಿದ್ದಾಳೆ. ಬೆಲೆ ಹೇಳಿ ಅವಳು ಕೈ ಚಾಚುತ್ತಾಳೆ, ನಾಣ್ಯ ಎಣಿಸಿ ಕೊಡುವವನು ಆಟಗಾರ. ಕಡಿಮೆ ಕೊಟ್ಟರೂ ಅವಳಿಗೆ ಕಾಣಿಸದು, ಯಾರೂ ತಡೆಯರು, ಸರಕು ಕೈಸೇರುತ್ತದೆ. ಆದರೆ ಆಟ ಮರೆಯಲ್ಲಿ ಅವನ ಪ್ರಾಮಾಣಿಕತೆಯ ಲೆಕ್ಕವನ್ನು ಇಳಿಸಿರುತ್ತದೆ. ಎಂಟು ಗುಣಗಳೂ ಪೂರ್ಣವಾಗದೆ ಅಲ್ಲಿ ಮುಕ್ತಾಯವಿಲ್ಲ. ತೂಕ ಮತ್ತು ಅಳತೆಯಲ್ಲಿ ಮೋಸ ಮಾಡುವವರ ಕುರಿತು ಒಂದು ಸೂರಾವೇ ಅವತೀರ್ಣವಾಗಿರುವ ಸಮುದಾಯಕ್ಕೆ ಈ ಕುರುಡಿಯ ಅಂಗಡಿ ಅಪರಿಚಿತವೆನಿಸಬಾರದು.

ಕನ್ನಡ ಓದಿದವರಿಗೆ ಇಲ್ಲಿ ಇನ್ನೊಂದು ನೆನಪು ಬರಬೇಕು. ಸವಣೂರಿನ ನೆರೆಯ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಭತ್ತ ಮತ್ತು ರಾಗಿಯ ನಡುವೆ ಜಗಳ ಹಚ್ಚುತ್ತಾರೆ. ಭತ್ತಕ್ಕೆ ಬಣ್ಣ, ಕುಲ, ಅರಮನೆಯ ಗೌರವ ಎಲ್ಲವೂ ಇದೆ. ರಾಗಿಗೆ ಇವೊಂದೂ ಇಲ್ಲ. ರಾಮನು ವಾದವನ್ನು ಆಲಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರತೆಗೆದಾಗ ಭತ್ತ ಕುಂದಿತ್ತು, ರಾಗಿ ಇದ್ದಂತೆಯೇ ಇತ್ತು. ಹುಡುಗರ ಭಾಷೆಯಲ್ಲಿ ಹೇಳುವುದಾದರೆ, ರಾಗಿಯ ಅಂಕಗಳೆಲ್ಲ ತಾಳಿಕೆಗೆ ಸೇರಿದ್ದವು.

ಗುಣ ಬೆಳೆಯುವ ಬಗೆಯ ಕುರಿತೂ ಒಂದು ಮಾತು. ಅದೇ ಗ್ಯಾರಿಯಟ್‌ನ 'ಅಲ್ಟಿಮಾ ಆನ್‌ಲೈನ್' 1997ರಲ್ಲಿ ಬಂದಾಗ ಅಲ್ಲಿ ಅಂಕ ಹಂಚುವ ಪದ್ಧತಿಯನ್ನೇ ಕೈಬಿಡಲಾಯಿತು. ಕಮ್ಮಾರಿಕೆ ಮಾಡಿದವನ ಕಮ್ಮಾರಿಕೆ ಬೆಳೆಯುತ್ತದೆ, ಗಾಯಕ್ಕೆ ಪಟ್ಟಿ ಕಟ್ಟಿದವನ ವೈದ್ಯ ಬೆಳೆಯುತ್ತದೆ. ಒಟ್ಟು ಕೌಶಲಕ್ಕೆ 700ರ ಮಿತಿ. ಅದು ತುಂಬಿದ ಬಳಿಕ ಒಂದು ಏರಬೇಕಾದರೆ ಇನ್ನೊಂದು ಇಳಿಯಬೇಕು. ಉದಾರಿಯಾಗಬಯಸುವವನು ಮೊದಲು ಕಷ್ಟಪಟ್ಟಾದರೂ ಕೊಡುತ್ತ ಹೋಗಲಿ, ಕ್ರಮೇಣ ಅದು ಸ್ವಭಾವವಾಗುತ್ತದೆ ಎಂಬ ಗಝ್ಝಾಲಿಯವರ ಬೋಧನೆಗೆ ಇದು ಬಹಳ ಹತ್ತಿರ. ಸ್ವಭಾವ ಬದಲಾಗದೆಂದು ವಾದಿಸುವವರನ್ನು ಅವರು ಒಪ್ಪುವುದಿಲ್ಲ. ಹಾಗಿದ್ದರೆ ಉಪದೇಶಕ್ಕೇ ಅರ್ಥವಿರುತ್ತಿರಲಿಲ್ಲ. ಆದರೆ ಆಟಗಾರರು ಉಪಾಯ ಕಂಡುಕೊಂಡರು. ತಾವು ಮಲಗಿ, ಒಂದೇ ಕೆಲಸವನ್ನು ರಾತ್ರಿಯಿಡೀ ಯಂತ್ರದಿಂದ ಮಾಡಿಸಿದರು. ಬೆಳಗಾಗುವಷ್ಟರಲ್ಲಿ ಅಂಕ ಏರಿರುತ್ತಿತ್ತು, ಮಾಡಿದವನು ಮಾತ್ರ ಯಾರೂ ಇರಲಿಲ್ಲ. ಅರ್ಥವನ್ನೂ ಹೃದಯವನ್ನೂ ಬದಿಗಿಟ್ಟು ತಸ್ಬೀಹ್‌ನ ಮಣಿ ಉರುಳಿಸುವವರನ್ನು ಕಂಡಾಗ ನಮಗೆ ಇದು ನೆನಪಾಗುತ್ತದೆ.

ಈಗಿನ ಹಲವು ಆಟಗಳು ಬಿಲ್ಡ್ ಅನ್ನು ದುಡಿದು ಕಟ್ಟಲು ಬಿಡದೆ ಚೀಟಿ ಎತ್ತಿಸುತ್ತವೆ. 2020ರಲ್ಲಿ ಬಂದ 'ಗೆನ್ಶಿನ್ ಇಂಪ್ಯಾಕ್ಟ್'ನಲ್ಲಿ ಅತ್ಯುತ್ತಮ ದರ್ಜೆಯ ಪಾತ್ರ ಒಂದು ಎತ್ತಿಗೆ ದೊರೆಯುವ ಸಂಭವ ಶೇ. 0.6, ಖಾತರಿಯಾಗಿ ಸಿಗುವುದು 90ನೆಯ ಎತ್ತಿನೊಳಗೆ. ಎತ್ತುವ ಚೀಟಿಯನ್ನು ಹಣಕ್ಕೂ ಕೊಳ್ಳಬಹುದು. ಹಣ ಹೂಡಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಕಾನೂನಿನ ವ್ಯಾಖ್ಯೆ ಏನೇ ಇರಲಿ, ಏನು ಸಿಗುವುದೆಂದು ತಿಳಿಯದೆ ಹಣ ಕೊಟ್ಟು ಅದೃಷ್ಟ ಪರೀಕ್ಷಿಸುವುದು ಮೈಸಿರ್‌ಗೆ ತೀರ ಸಮೀಪದ್ದೆಂಬುದು ನಮ್ಮ ಅಭಿಪ್ರಾಯ. ಈ ಒಂದು ವಿಷಯದಲ್ಲಿ ತಂದೆ ಕಠಿಣನಾದರೆ ನಾವು ತಂದೆಯ ಪಕ್ಷ.

ಉಳಿದ ವಿಷಯಗಳಲ್ಲಿ ನಾವು ಮಗನ ಪಕ್ಷ ವಹಿಸುವುದಕ್ಕೆ ಕಾರಣವಿದೆ. ಆಟದಲ್ಲಿ ಹುಡುಗ ಮಾಡುವ ಏಕಮುಖ ಹಂಚಿಕೆಯನ್ನು ಮನೆಯಲ್ಲಿ ಪಾಲಕರು ಜೀವಂತ ಮಗನ ಮೇಲೆಯೇ ಮಾಡುತ್ತಿದ್ದಾರೆ. ಎಸ್ಸೆಸ್ಸೆಲ್ಸಿ ಅಂಕಕ್ಕೆ ಎಲ್ಲವೂ, ನೀಟ್ ಪರೀಕ್ಷೆಗೆ ಎಲ್ಲವೂ, ಕೆಲವು ಮನೆಗಳಲ್ಲಿ ಹಿಫ್ಝ್‌ಗೆ ಎಲ್ಲವೂ. ದಾದಿಯ ಔಷಧದ ವೇಳೆ ಅವನಿಗೆ ತಿಳಿಯದು. ನೆರೆಯಲ್ಲಿ ಸಾವಾದರೆ 'ಅವನಿಗೆ ಪರೀಕ್ಷೆ ಇದೆ' ಎಂದು ಜನಾಝಾಕ್ಕೂ ಕಳಿಸುವುದಿಲ್ಲ. ಹೆಣ್ಣುಮಕ್ಕಳ ಹಂಚಿಕೆಯನ್ನಂತೂ ಅವರಿಗೆ ತಿಳಿಯುವ ಮೊದಲೇ ಮುಗಿಸಿರುತ್ತೇವೆ. ತಾಳ್ಮೆಗೆ ಎಲ್ಲವೂ, ಧೈರ್ಯಕ್ಕೆ ಸೊನ್ನೆ. ವಿದ್ಯೆ ಅಥವಾ ಕಸುಬಿನಲ್ಲಿ ಒಂದನ್ನು ಹಿಡಿದು ಉಳಿದದ್ದನ್ನು ಬಿಡುವುದು ಸಹಜ. ಕಮ್ಮಾರನು ದರ್ಜಿಯೂ ಆಗಬೇಕಿಲ್ಲ, ಕೊರತೆಯನ್ನು ಊರು ತುಂಬಿಕೊಳ್ಳುತ್ತದೆ. ಅಖ್ಲಾಕ್‌ನಲ್ಲಿ ಒಬ್ಬನ ಕರುಣೆಯ ಕೊರತೆಯನ್ನು ಇನ್ನೊಬ್ಬನು ತುಂಬಿಕೊಡಲಾರ.

ಮುಂದಿನ ಜುಮಾದ ಮಧ್ಯಾಹ್ನ ಊಟದ ದಸ್ತರ್‌ಖ್ವಾನಿನ ಮುಂದೆ ಮಗನನ್ನು ಕೇಳಿ ನೋಡಿ: ನಿನ್ನ ಪಾತ್ರದಲ್ಲಿ ಯಾವುದನ್ನು ಎಲ್ಲಕ್ಕಿಂತ ಕಡಿಮೆ ಇಟ್ಟಿದ್ದೀ, ಏಕೆ? ಅವನು ಮೊದಲು ಅನುಮಾನದಿಂದ ನೋಡುತ್ತಾನೆ, ಫೋನ್ ಕಸಿಯುವ ಹೊಸ ಉಪಾಯವಿರಬಹುದೆಂದು. ಆಮೇಲೆ ಹೇಳತೊಡಗುತ್ತಾನೆ. ಅರ್ಧದಷ್ಟು ಪದಗಳು ನಿಮಗೆ ತಿಳಿಯವು. ತಿಳಿಯದ್ದನ್ನು ಕೇಳಿ, ಹೇಳಿಕೊಡಲು ಅವನಿಗೆ ಬಹಳ ಖುಷಿ.