ಯೋಗಶಾಲೆಯ ಜಮಾ-ಖರ್ಚು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಯೋಗಾಭ್ಯಾಸಿಗಳಷ್ಟು ನಿಷ್ಠೆಯಿಂದ ಪಾಲಿಸುವವರು ಮತ್ತಾರೂ ಇರಲಾರರು. ಎರಡು ಅಡಿ ಅಗಲದ ಚಾಪೆಯೇ ಅವರ ಪ್ರಪಂಚ. ಆದರೆ ಅಭ್ಯಾಸವನ್ನು ಜೀವನೋಪಾಯವಾಗಿ ಮಾಡಿಕೊಳ್ಳಲು ಹೊರಟ ದಿನ ಅವರಿಗೂ ಈ ಗಾದೆ ಮರೆತುಹೋಗುವುದುಂಟು.

ದೃಷ್ಟಾಂತಕ್ಕಾಗಿ ಮೈಸೂರಿನ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ತಂದೆ ಖಜಾನೆ ಇಲಾಖೆಯಿಂದ ನಿವೃತ್ತರಾದವರು. ಮಗ ಆರು ವರ್ಷ ಬೇರೊಬ್ಬರ ಶಾಲೆಯಲ್ಲಿ ಯೋಗ ಕಲಿಸಿ, ಈಗ ಸ್ವಂತ ಶಾಲೆಯನ್ನು ತೆರೆಯಲು ನಿಶ್ಚಯಿಸಿದ್ದಾನೆ. ಕೂಡಿಟ್ಟ ಹಣ 3 ಲಕ್ಷ ರೂಪಾಯಿ. ಹೆಂಡತಿಯ ಬಳೆಗಳನ್ನು ಅಡವಿಟ್ಟರೆ ಇನ್ನೊಂದು ಲಕ್ಷ. ಒಂದು ಸಂಜೆ ಆತ ತನ್ನ ಅಂದಾಜು ಪಟ್ಟಿಯನ್ನು ತಂದೆಯ ಮುಂದಿಟ್ಟ.

ತಿಂಗಳಿಗೆ 25,000 ರೂಪಾಯಿ ಬಾಡಿಗೆಯ ಸಭಾಂಗಣ, ಅದಕ್ಕೆ ಆರು ತಿಂಗಳ ಮುಂಗಡ 1,50,000. ಮರದ ನೆಲಹಾಸು 1,20,000. ಕನ್ನಡಿ, ದೀಪಗಳಿಗೆ 50,000. ಮೂವತ್ತು ಚಾಪೆಗಳಿಗೆ 45,000. ನಾಮಫಲಕ, ಆಹ್ವಾನಪತ್ರಿಕೆ, ಪ್ರಾರಂಭೋತ್ಸವಕ್ಕೆ 35,000. ಒಟ್ಟು 4 ಲಕ್ಷ.

ತಂದೆ ಕನ್ನಡಕ ಸರಿಪಡಿಸಿಕೊಂಡು ಎರಡು ಬಾರಿ ಕೂಡಿ ನೋಡಿದರು.

“ಮೊತ್ತ ಸರಿಯಾಗಿದೆಯಪ್ಪ. ಮೊದಲ ತಿಂಗಳ ಬಾಡಿಗೆ ಎಲ್ಲಿಂದ ಬರುತ್ತದೆ?”

“ಶಿಷ್ಯರ ಶುಲ್ಕದಿಂದ, ಅಪ್ಪಾ.”

“ಶಿಷ್ಯರು ಬರುವವರೆಗೆ?”

ಮಗ ಉತ್ತರಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆ ತನ್ನ ಕೈಬಳೆಗಳನ್ನೊಮ್ಮೆ ನೋಡಿಕೊಂಡಳು.

ಹೊಸ ಉದ್ಯೋಗದ ವೆಚ್ಚ ಮೂರು ಬಗೆಯದು. ಮುಂಗಡದಂತೆ ಮುಂದೊಂದು ದಿನ ಹಿಂದಿರುಗುವುದು ಒಂದು. ಪರರ ಕಟ್ಟಡಕ್ಕೆ ಜಡಿದ ಹಲಗೆಯಂತೆ ಎಂದಿಗೂ ಹಿಂದಿರುಗದೆ ಇರುವುದು ಇನ್ನೊಂದು. ಬಾಡಿಗೆ, ವಿದ್ಯುತ್ತು, ಮನೆಯ ಅಕ್ಕಿಬೇಳೆ, ಹೀಗೆ ಆದಾಯವಿರಲಿ ಇಲ್ಲದಿರಲಿ ತಿಂಗಳು ತಿಂಗಳೂ ಬಾಗಿಲು ತಟ್ಟುವುದು ಮೂರನೆಯದು. ಮೊದಲೆರಡನ್ನು ಎಲ್ಲರೂ ಪಟ್ಟಿಯಲ್ಲಿ ಬರೆಯುತ್ತಾರೆ. ಶಾಲೆಗಳನ್ನು ಮುಚ್ಚಿಸುವುದು ಮಾತ್ರ ಮೂರನೆಯದು. ಜೂನ್ 21ರ ಯೋಗದಿನದ ಉತ್ಸಾಹದಲ್ಲಿ ಸೇರಿದವರೆಲ್ಲರೂ ದಸರೆಯವರೆಗೆ ಉಳಿಯುವುದಿಲ್ಲ. ಮಕ್ಕಳ ಪರೀಕ್ಷೆ ಬಂದರೆ ತಾಯಂದಿರು ಬಿಡುತ್ತಾರೆ, ಬೇಸಗೆಯ ರಜೆ ಬಂದರೆ ಸಂಸಾರವೇ ಊರು ಬಿಡುತ್ತದೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು. ಅಂಥ ಗುರುವಿದ್ದ ಶಾಲೆಯೂ ಅರಮನೆಯ ಆಶ್ರಯ ತಪ್ಪಿದ ಮೇಲೆ 1950ರಲ್ಲಿ ಮುಚ್ಚಿತು. ಅವರ ಶಿಷ್ಯ ಪಟ್ಟಾಭಿ ಜೋಯಿಸರಾದರೋ 1948ರಲ್ಲಿ ಲಕ್ಷ್ಮೀಪುರದ ತಮ್ಮ ಮನೆಯಲ್ಲಿಯೇ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ಹನ್ನೆರಡು ಮಂದಿ ಸೇರಿದರೆ ಕೋಣೆ ತುಂಬುತ್ತಿತ್ತು. ಉಳಿದವರು ಸರದಿ ಕಾಯುತ್ತಿದ್ದರು. ಗೋಕುಲದ ದೊಡ್ಡ ಶಾಲೆಗೆ ಅವರು ಹೋದದ್ದು 2002ರಲ್ಲಿ, ಜಗತ್ತಿನ ನಾನಾ ದೇಶಗಳಿಂದ ಶಿಷ್ಯರು ಬರತೊಡಗಿದ ಎಷ್ಟೋ ವರ್ಷಗಳ ನಂತರ. ಶಿಷ್ಯರು ಮೊದಲು ಬಂದರು, ಸಭಾಂಗಣ ಆಮೇಲೆ ಬಂದಿತು.

ಮರುದಿನ ಬೆಳಿಗ್ಗೆ ತಂದೆಯವರ ಪಟ್ಟಿ ಸಿದ್ಧವಾಗಿತ್ತು. ಭರತನಾಟ್ಯ ಶಾಲೆಯೊಂದರ ಕೋಣೆ ಬೆಳಗಿನ ಹೊತ್ತು ಬರಿದಾಗಿರುತ್ತದೆ. ಮೂರು ಗಂಟೆಗಳ ಬಳಕೆಗೆ ತಿಂಗಳಿಗೆ 8,000. ಮೂರು ತಿಂಗಳ ಮುಂಗಡ 24,000. ಕೆಂಪು ಗಾರೆಯ ನೆಲವೇ ಸಾಕು. ಹನ್ನೆರಡು ಚಾಪೆಗಳಿಗೆ 18,000. ಉಳಿದವರು ತಮ್ಮದನ್ನು ತರಲಿ. ಫಲಕ, ಮುದ್ರಣಕ್ಕೆ 8,000. ಪ್ರಾರಂಭದ ವೆಚ್ಚ 50,000ಕ್ಕೆ ಮುಗಿಯಿತು. ಬಾಡಿಗೆ 8,000, ಇತರ ಖರ್ಚು 2,000, ಮನೆವಾರ್ತೆ 20,000, ಹೀಗೆ ತಿಂಗಳಿಗೆ 30,000ದಂತೆ ಎಂಟು ತಿಂಗಳಿಗೆ 2,40,000 ಬ್ಯಾಂಕಿನಲ್ಲಿ. ಎರಡೂ ಸೇರಿ 2,90,000. ತಿಂಗಳ ಶುಲ್ಕ 1,500ರಂತೆ ಇಪ್ಪತ್ತು ಮಂದಿ ನಿಂತರೆ ಖರ್ಚು ಸರಿದೂಗುತ್ತದೆ. ಮಗನ ಪಟ್ಟಿಯಲ್ಲಿ ಬಾಡಿಗೆ, ಮನೆವಾರ್ತೆ ಎಲ್ಲ ಸೇರಿ ತಿಂಗಳ ಖರ್ಚು 50,000 ಆಗುತ್ತಿತ್ತು. ಅದಕ್ಕೆ ಮೂವತ್ತನಾಲ್ಕು ಮಂದಿ ಬೇಕಾಗುತ್ತಿದ್ದರು. ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಇಂಥ ಸೇವೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿಯ ತಾಪತ್ರಯವೂ ಇಲ್ಲ.

ಮಗ ಪಟ್ಟಿಯನ್ನು ಬಹಳ ಹೊತ್ತು ನೋಡಿದ. “ಪ್ರಾರಂಭೋತ್ಸವವೇ ಇಲ್ಲವಲ್ಲ, ಅಪ್ಪಾ?”

“ಎಂಟು ತಿಂಗಳಾದ ಮೇಲೂ ಶಾಲೆ ನಡೆಯುತ್ತಿದ್ದರೆ ಆಗ ಉತ್ಸವ ಮಾಡೋಣ. ನನ್ನ ಪಿಂಚಣಿಯಲ್ಲಿ ಪಾಯಸದ ಖರ್ಚು ನನ್ನದು.”

ಪಟ್ಟಿಯ ಕೊನೆಯಲ್ಲಿ ತಂದೆ ಇನ್ನೊಂದು ಸಾಲು ಬರೆದಿದ್ದರು: ‘ಬಳೆಗಳು — ಅಗತ್ಯವಿಲ್ಲ.’ ಸೊಸೆ ಅದನ್ನು ಓದಿ, ಏನೂ ಆಡದೆ, ಮಾವನವರಿಗೆ ಇನ್ನೊಂದು ಲೋಟ ಕಾಫಿ ತರಲು ಒಳಗೆ ಹೋದಳು.